ಬಿಸಿನೀರಿನ ಬೇಸಿನ್ನೂ ಹಸಿರು ಗ್ರಾಫೂ

ಕೋವಿಡ್ ಗಲಾಟೆ ಮುಗಿದ ಮರುವರ್ಷ ನಾನು ಕೊಳ್ಳೇಗಾಲದ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೀಲುರೋಗ ತಜ್ಞೆಯಾಗಿದ್ದೆ. ಹನೂರು, ಯಳಂದೂರು ಕಡೆಯ ರೋಗಿಗಳು ಪದೇ ಪದೇ ಕೆಲಸ ಬಿಟ್ಟು ಬರುವುದು ಕಷ್ಟ. ಅದಕ್ಕೇ ಅವರ ಮೊಬೈಲಿಗೆ ಒಂದು ಆಪ್ ಹಾಕಿಕೊಡುತ್ತಿದ್ದೆವು. ದಿನಕ್ಕೊಮ್ಮೆ ಅದು ನೋವೆಷ್ಟು ಎಂದು ಕೇಳುತ್ತದೆ. ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಒತ್ತಬೇಕು. ಕಡಿಮೆಯಿದ್ದರೆ ನನ್ನ ಕಂಪ್ಯೂಟರಿನಲ್ಲಿ ಹಸಿರು, ಹೆಚ್ಚಾದರೆ ಕೆಂಪು.

ಶಿವಮ್ಮ ಯಳಂದೂರು ಹತ್ತಿರದ ಘಟಕವೊಂದರಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದರು. ಬಿಸಿನೀರಿನ ಬೇಸಿನ್ನಿನಲ್ಲಿ ತೇಲುವ ಗೂಡುಗಳಿಂದ ಎಳೆ ಹುಡುಕಿ ತೆಗೆಯುವ ಕೆಲಸ. ಆ ಬೆರಳುಗಳಿಗೇ ರುಮಟಾಯ್ಡ್ ಆರ್ಥ್ರೈಟಿಸ್ ಬಂದಿತ್ತು. ದೇಹದ ರಕ್ಷಣಾಪಡೆ ತನ್ನದೇ ಕೀಲುಗಳ ಮೇಲೆ ಬೀಳುವ ಕಾಯಿಲೆ ಇದು. ಹದ್ದುಬಸ್ತಿನಲ್ಲಿ ಇಡದಿದ್ದರೆ ಮೂಳೆ ಸವೆದು ಬೆರಳು ಸೊಟ್ಟಗಾಗುತ್ತದೆ. ಆಮೇಲೆ ಯಾವ ಮಾತ್ರೆಯೂ ಅದನ್ನು ನೆಟ್ಟಗೆ ಮಾಡುವುದಿಲ್ಲ. ವಾರಕ್ಕೊಮ್ಮೆ ನುಂಗಲು ಮೆಥೊಟ್ರೆಕ್ಸೇಟ್ ಕೊಟ್ಟಿದ್ದೆ. ತಿಂಗಳುಗಟ್ಟಲೆ ಗ್ರಾಫ್ ಹಸಿರಾಗಿತ್ತು. ಅಂಕಿ ಒತ್ತುವುದನ್ನು ಒಂದು ದಿನವೂ ತಪ್ಪಿಸಿರಲಿಲ್ಲ, ಪುಣ್ಯಾತ್ಗಿತ್ತಿ.

ಗೂಡು ಬಾರದೆ ಘಟಕಕ್ಕೆ ರಜೆಯಿದ್ದ ಒಂದು ದಿನ ಆಕೆ ಮೊದಲ ಬಸ್ಸಿಗೇ ಬಂದರು. ಡೋಸ್ ಕಡಿಮೆ ಮಾಡೋಣವೆಂದು ನಾನು ಖುಷಿಯಲ್ಲೇ ಪೆನ್ನು ತೆಗೆದೆ. ಹಳೇ ಚೀಟಿ ಕೊಡಲು ಆಕೆ ಪರ್ಸಿನ ಜಿಪ್ಪನ್ನು ಹಲ್ಲಿನಿಂದ ಕಚ್ಚಿ ಎಳೆದರು.

"ಕೈಗೇನಾಯ್ತಮ್ಮ?"

"ಒತ್ತಾರೆ ಇಂಗೇಯ ಮೇಡಮ್ಮೋರೆ, ಮಡಿಸಕ್ಕಾಗಲ್ಲ. ಬಿಸಿನೀರ್ಗೆ ಕೈ ಬುಟ್ರೆ ಸರಿ ಓಯ್ತದೆ."

ಸಿಟ್ಟು ನೆತ್ತಿಗೇರಿತು. "ಮತ್ತೆ ಫೋನಲ್ಲಿ ದಿನಾ ಎರಡು ಅಂತ ಒತ್ತಿದೀರಲ್ಲ?"

"ಟೀ ಟೈಮ್ಗೆ ತಾನೆ ನಂಗೆ ಬುಡುವು? ಅದ್ಕೇ ಆಗ ಕೇಳಂಗೆ ಇಟ್ಕಂಡಿವ್ನಿ. ಆಗ ನೋವಿರದೇ ಅಷ್ಟು. ಸುಳ್ಳು ಒತ್ತಕ್ಕಾಯ್ತದಾ?"

ಸಿಟ್ಟು ಇಳಿದುಹೋಯಿತು. ಈ ಕಾಯಿಲೆಯ ನಿಜರೂಪ ಕಾಣುವುದು ಬೆಳಿಗ್ಗೆ ಎದ್ದಾಗಿನ ಬಿಗಿತದಲ್ಲಿ. ಟೀ ಹೊತ್ತಿಗೆ ಆ ಕೈಗಳು ಬಿಸಿನೀರಲ್ಲಿ ನೆನೆದು, ಶಾಖ ಕೊಟ್ಟಂತೆ ಸಡಿಲವಾಗಿರುತ್ತಿದ್ದವು. ಆಕೆ ಒತ್ತಿದ್ದು ನಿಜ, ಆಪ್ ತೋರಿಸಿದ್ದೂ ನಿಜ. ಕಾಯಿಲೆ ಮಾತ್ರ ಒಳಗೊಳಗೇ ಮೂಳೆ ತಿನ್ನುತ್ತಿತ್ತು. ಎಕ್ಸ್‌ರೇಯಲ್ಲಿ ನಡುಬೆರಳಿನ ಬುಡ ಸವೆಯಲು ಶುರುವಾಗಿತ್ತು.

"ಇನ್ಮೇಲೆ ನೂಲು ಬಿಚ್ಚಕ್ಕಾಗಲ್ವಾ ಮೇಡಮ್ಮೋರೆ?" ಎಂದು ಕೇಳಿದರು.

ಡೋಸ್ ಏರಿಸಿ, ಇನ್ನೊಂದು ಔಷಧ ಸೇರಿಸಿದೆ. ಲಿವರ್ ಹದಗೆಡುತ್ತಿಲ್ಲ ತಾನೇ ಎಂದು ನೋಡಲು ಆಗಾಗ ರಕ್ತಪರೀಕ್ಷೆಯೂ ಇತ್ತು. ಆಪ್ ಕೇಳುವ ವೇಳೆಯನ್ನು ಆಕೆ ಏಳುವ ಹೊತ್ತಿಗೆ ಬದಲಿಸಿದೆ. ಮಾರನೇ ದಿನವೇ ಎಂಟು ಬಂತು, ಕಡುಕೆಂಪು. ಇಂಥ ಔಷಧ ಹಿಡಿಯಲು ವಾರಗಳೇ ಬೇಕು. ಬಹಳ ನಿಧಾನಕ್ಕೆ ಎಂಟು ಆರಾಯಿತು, ಐದಾಯಿತು. ಆಮೇಲೊಂದು ಬೆಳಿಗ್ಗೆ ಅಂಕಿಯೇ ಬರಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದರೂ ಅಷ್ಟೇ. ಕೈ ಪೂರ್ತಿ ಬಿಗಿದುಕೊಂಡಿತೇ ಎಂದು ಕುಳಿತಲ್ಲಿ ಕೂರಲಾಗದೆ ಒದ್ದಾಡಿದೆ.

ಸ್ವಲ್ಪ ಹೊತ್ತಿಗೆ ವಾಯ್ಸ್ ಮೆಸೇಜ್ ಬಂತು: "ಜಡೆ ಎಣ್ಕತಿದ್ದೆ ಮೇಡಮ್ಮೋರೆ, ಅದ್ಕೇ ಎತ್ನಿಲ್ಲ. ನಾನೇ ಎಣ್ಕಂಡೆ. ಇನ್ನೂ ಬಿಸಿನೀರು ಮುಟ್ಟಿಲ್ಲ."

ನಡುಬೆರಳು ಕೊಂಚ ವಾರೆಯಾಗೇ ಉಳಿಯಿತು. ಶಿವಮ್ಮ ಇವತ್ತಿಗೂ ನೂಲು ಬಿಚ್ಚುತ್ತಾರೆ. ನಾನೀಗ ಯಾರ ಫೋನಿಗೇ ಆಪ್ ಹಾಕಿಕೊಡುವಾಗಲೂ ಮೊದಲು ಕೇಳಿಕೊಳ್ಳುತ್ತೇನೆ, ಎದ್ದ ಮೇಲೆ ಈ ಕೈ ಮೊದಲು ಏನು ಮುಟ್ಟುತ್ತದೆ ಎಂದು. ಅದಕ್ಕೂ ಮುಂಚಿನ ನೋವೇ ನನಗೆ ಬೇಕಾದ ನೋವು.