ದ್ವಾದಶಿಯಂದು ಉಪವಾಸವಿದ್ದ ಹಿಮದಾಟಗಾರ

ಪಟ್ಟಾಭಿರಾಮ ಹೆಣ್ಣು ನೋಡಲು ಬಂದ ಭಾನುವಾರ ಪಂಕಜಾ ತಂಗಿಯ ಮುಖವನ್ನು ನೋಡಲೇ ಇಲ್ಲ. ಅವಳ ಕಣ್ಣೆಲ್ಲ ಗಂಡಿನ ಮೇಲಿತ್ತು. ಅನ್ನ ಬೆಂದಿದೆಯೋ ಇಲ್ಲವೋ ಎಂದು ಅಗುಳು ಹಿಸುಕಿ ನೋಡುವ ಹಾಗೆ ಅವನ ಒಂದೊಂದು ಮಾತನ್ನೂ ಹಿಸುಕಿ ನೋಡುತ್ತಿದ್ದಳು.

ಕಾರಣವಿತ್ತು. ಅಪ್ಪ ತೀರಿಕೊಂಡ ಮೇಲೆ ತಂಗಿ ಸುಬ್ಬಲಕ್ಷ್ಮಿ ಪೀಣ್ಯದ ಈ ಮಹಡಿ ಮನೆಯಲ್ಲಿ ಅಕ್ಕ-ಭಾವನ ಜೊತೆಗೇ ಇದ್ದಳು. ಆನೇಕಲ್ಲಿನಲ್ಲಿದ್ದ ಅಮ್ಮ, “ನೀನು ನೋಡಿ ಹೂಂ ಅಂದ್ರೆ ಸಾಕು ಕಣೇ, ನಾನು ಬಂದು ಅಕ್ಷತೆ ಹಾಕ್ತೀನಿ” ಎಂದು ಭಾರವನ್ನೆಲ್ಲ ಇವಳ ತಲೆಗೆ ಕಟ್ಟಿದ್ದರು. ದೊಡ್ಡಪ್ಪನ ಮಗಳನ್ನು ಹೀಗೆಯೇ ಯಾರೋ ಹೂಂ ಅಂದು ಬೊಂಬಾಯಿಯ ಗಂಡಿಗೆ ಕೊಟ್ಟಿದ್ದರು. ಅವನಿಗೆ ಮೊದಲೇ ಒಬ್ಬ ಹೆಂಡತಿ ಇದ್ದದ್ದು ಸೀಮಂತದ ಹೊತ್ತಿಗೆ ಗೊತ್ತಾಯಿತು. ಅಂದಿನಿಂದ ಪಂಕಜಾ ಹೂಂ ಅನ್ನುವ ಮುಂಚೆ ಹತ್ತು ಸಲ ಊಹೂಂ ಅಂದುಕೊಳ್ಳುತ್ತಿದ್ದಳು.

ಸಂಬಂಧ ತಂದವರು ಶ್ಯಾಮಣ್ಣ, ಪಂಕಜಾಳ ಗಂಡ ಸುಬ್ರಹ್ಮಣ್ಯನ ಜೊತೆ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಮಾಡುವವರು.

“ಮಿಲಿಟರಿಲಿದ್ದ ಹುಡುಗ ಕಣಮ್ಮ. ಈಗ ಇಲ್ಲೇ ಸೆಕೆಂಡ್ ಸ್ಟೇಜಲ್ಲಿ ಒಂದು ಲೇತ್ ಶಾಪಿಗೆ ಸೂಪರ್‌ವೈಸರ್. ಇಂಡಿಯಾ ಟೀಮಲ್ಲಿ ಆಡಿದಾನೆ, ಗೊತ್ತಾ?”

“ಕ್ರಿಕೆಟ್ಟಾ?” ಸುಬ್ರಹ್ಮಣ್ಯ ಕುರ್ಚಿಯಿಂದ ಅರ್ಧ ಎದ್ದ.

“ಅಲ್ಲಪ್ಪ, ಸ್ಕೀಯಿಂಗು. ಕಾಲಿಗೆ ಉದ್ದುದ್ದ ಹಲಗೆ ಕಟ್ಕೊಂಡು ಹಿಮದ ಬೆಟ್ಟದ ಮೇಲಿಂದ ಜಾರೋದು.”

ಸುಬ್ರಹ್ಮಣ್ಯ ಮತ್ತೆ ಕುಳಿತ. “ಜಾರೋದೂ ಒಂದು ಆಟಾನಾ ಶ್ಯಾಮಣ್ಣ? ನಮ್ಮ ಬಚ್ಚಲಲ್ಲಿ ನಾನು ದಿನಾ ಆಡ್ತೀನಿ. ನನ್ನ ಹೆಸರೂ ಕಳ್ಸಿ.”

ಇಂಡಿಯಾ ಟೀಮು ಎಂದಮೇಲೆ ಒಂದು ಕಪ್ಪು, ಒಂದು ಪದಕ, ಕೊನೆಗೆ ನೀಲಿ ಕೋಟು ಹಾಕಿಕೊಂಡ ಒಂದು ಫೋಟೋ ಆದರೂ ಇರಬೇಕಲ್ಲ ಎಂಬುದು ಪಂಕಜಾಳ ಲೆಕ್ಕಾಚಾರ. ಭಾನುವಾರ ಬಂದ ಪಟ್ಟಾಭಿರಾಮನ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು ಮಾತ್ರ ಇತ್ತು. ಮೂವತ್ತರ ಆಸುಪಾಸು, ಕಟ್ಟುಮಸ್ತಾದ ಮೈ, ಮೆಲುದನಿ. ಮನೆಯಲ್ಲಿದ್ದ ಎರಡು ಕುರ್ಚಿಗಳಲ್ಲಿ ಶ್ಯಾಮಣ್ಣನೂ ಗಂಡಿನ ಸೋದರಮಾವನೂ ಕುಳಿತರು. ಉಳಿದವರಿಗೆ ಚಾಪೆ. ಪಟ್ಟಾಭಿರಾಮ ಚಾಪೆಗೆ ಬರಲಿಲ್ಲ. “ಪರವಾಗಿಲ್ಲ, ನಿಂತಿರ್ತೀನಿ” ಎಂದು ಕಿಟಕಿಗೆ ಒರಗಿ ನಿಂತ.

“ಏನು ಬಹುಮಾನ ಬಂತು ನಿಮಗೆ?” ಪಂಕಜಾ ಕೇಳಿದಳು.

“ಬಹುಮಾನ ಇಲ್ಲ. ಕಡೆಯವನಾಗಿ ಬಂದೆ.”

“ಟೀಮಿಗೆ?”

“ಟೀಮಿಗೂ ಇಲ್ಲ. ನಾವು ಹೋದ ಯಾವ ಕೂಟದಲ್ಲೂ ಇಲ್ಲ.”

ಮಾವ ಕೆಮ್ಮಿದರು. ಶ್ಯಾಮಣ್ಣ ಕೇಸರಿಭಾತು ಹೊಗಳಿದರು. ಅಷ್ಟರಲ್ಲಿ ಪಂಕಜಾಳ ಒಂದು ವರ್ಷದ ಮಗಳು ಸೀತಾ ತೆವಳುತ್ತ ಹೋಗಿ ಅವನ ಪ್ಯಾಂಟು ಹಿಡಿದು ಎದ್ದು ನಿಂತು, ತಲೆಯೆತ್ತಿ ನೋಡಿ, ಎತ್ತಿಕೋ ಎಂದು ಎರಡೂ ಕೈ ಚಾಚಿದಳು. ಅವನು ನಕ್ಕ, ಒಂದು ಬೆರಳು ಕೊಟ್ಟ, ಬಗ್ಗಲಿಲ್ಲ. ಕೈಚಾಚಿದ ಕೂಸಿಗೆ ಬಗ್ಗದ ಗಂಡಸು ನಾಳೆ ಹೆಂಡತಿಗೆ ಬಗ್ಗುತ್ತಾನೆಯೇ ಎಂದು ಪಂಕಜಾ ಮನಸ್ಸಿನಲ್ಲೇ ಗೆರೆ ಎಳೆದುಕೊಂಡಳು.

ಎಲೆ ಹಾಕಿದಾಗ ಇನ್ನೊಂದು ಗೆರೆ ಬಿತ್ತು. “ನನಗೆ ಬೇಡಿ, ಇವತ್ತು ಉಪವಾಸ” ಎಂದ ಪಟ್ಟಾಭಿರಾಮ. ಸೋದರಮಾವ ಹುಬ್ಬೇರಿಸಿದವರು ಪಾಯಸಕ್ಕೆ ಕೈಹಾಕಿದರು.

ಅವರು ಮೆಟ್ಟಿಲಿಳಿದು ಹೋಗುತ್ತಿದ್ದಂತೆ ಪಂಕಜಾ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತಳು. ಅವಳಿಗೆ ನೋಡದೆಯೂ ಗೊತ್ತಿತ್ತು. ಹಿಂದಿನ ದಿನ ಏಕಾದಶಿ. ಅವಳೇ ಅವಲಕ್ಕಿ ತಿಂದು ದಿನ ದೂಡಿದ್ದಳು. ಇವತ್ತು ದ್ವಾದಶಿ. ಉಪವಾಸವಿದ್ದವರೂ ಬೆಳಗಾಗುತ್ತಲೇ ಎದ್ದು ಪಾರಣೆ ಮಾಡುವ ದಿನ.

“ದ್ವಾದಶಿ ದಿನ ಉಪವಾಸ ಇರೋ ಗಂಡು ಯಾವ ಪಂಚಾಂಗದವನೇ?” ಎಂದಳು.

“ಏನೋ ಹೊಟ್ಟೆ ಸರಿಯಿಲ್ದೆ ಇದ್ದಿರಬಹುದು ಅಕ್ಕ” ಎಂದಳು ಸುಬ್ಬಲಕ್ಷ್ಮಿ, ಎಲೆ ಮಡಚುತ್ತ. “ಕಡೆಯವನಾಗಿ ಬಂದೆ ಅಂತ ಬಾಯಿಬಿಟ್ಟು ಹೇಳ್ದೋರು ಉಪವಾಸಕ್ಕೆ ಸುಳ್ಳು ಹೇಳ್ತಾರಾ?”

“ಅದೇ ಜಾಣತನ ಇರಬಹುದು. ಒಂದು ನಿಜ ಎದುರಿಗಿಟ್ಟು ಹಿಂದೆ ನಾಲ್ಕು ಸುಳ್ಳು ಬಚ್ಚಿಡೋದು.”

“ನೀನು ದೇವರು ಪ್ರತ್ಯಕ್ಷ ಆದ್ರೂ ರೇಷನ್ ಕಾರ್ಡ್ ಕೇಳ್ತೀಯ ಬಿಡು.”

ಮಾತು ಹಾಸ್ಯದ್ದಾದರೂ ತಂಗಿಯ ದನಿ ಸ್ವಲ್ಪ ನಡುಗಿತ್ತು. ಅವಳಿಗೆ ಅವನು ಹಿಡಿಸಿದ್ದಾನೆ ಎಂದು ಪಂಕಜಾಳಿಗೆ ಆಗ ತಿಳಿಯಿತು. ತಿಳಿದಮೇಲೆ ಅನುಮಾನ ಇಮ್ಮಡಿಯಾಯಿತು. ಹಿಡಿಸಿದ ಮೇಲೆ ಮುರಿದರೆ ನೋಯುವುದು ಯಾರಿಗೆ?

ಸೋದರಮಾವ ಮರೆತುಹೋದ ಕೊಡೆಯೇ ನೆಪವಾಯಿತು. ಮಂಗಳವಾರ ಸಂಜೆ ಮಗುವನ್ನು ಸೊಂಟಕ್ಕೇರಿಸಿ ಪಂಕಜಾ ದಾಸರಹಳ್ಳಿಗೆ ನಡೆದಳು. ಅಲ್ಲಿ ಹಳೆಯ ಊರಿನವರಾದ ಅಂಜನಮ್ಮನ ಹಟ್ಟಿಯ ಪಕ್ಕದ ಕೋಣೆಯಲ್ಲಿ ಅವನ ಬಾಡಿಗೆ ವಾಸ. ಅಂಜನಮ್ಮ ಹಸುವಿನ ಮುಂದೆ ಹುಲ್ಲು ಹಾಕುತ್ತಿದ್ದವಳು ಕೊಡೆಯ ಗುರುತು ಹಿಡಿದು ನಿಂತಳು.

“ಎಣ್ಣಿನ ಕಡೆಯೋರಾ? ಬನ್ನಿ ಬನ್ನಿ. ಒಳ್ಳೆ ಮನುಸ ಕಣವ್ವ. ಮೊದ್ಲು ಆ ಉದ್ದನೆ ಗಂಟು ಒತ್ಕಂಡು ಬಂದಾಗ ಬಂದೂಕ ಅಂತ ನಾನೇ ಎದ್ರುಕಂಡಿದ್ದೆ. ನೋಡುದ್ರೆ ಅಲಗೆ!”

“ತುಂಬ ಆಚಾರವಂತರು ಅಂತ ಕೇಳ್ದೆ. ಉಪವಾಸ ಗಿಪವಾಸ...”

“ಉಪಾಸಾನಾ?” ಅಂಜನಮ್ಮ ಸೊಂಟಕ್ಕೆ ಕೈಯಿಟ್ಟಳು. “ಬಾನ್ವಾರ ಮದ್ಯಾನ ಅಸ್ಕೊಂಡು ಬಂದು, ಅಂಜನಮ್ಮ ಏನಾದ್ರೂ ಐತಾ ಅಂದ್ರು. ಈ ಜಗಲಿ ಮ್ಯಾಲೆ ಕುಂತು ಎಲ್ಡು ಮುದ್ದೆ ನುಂಗಿದ್ರು. ಉಪಾಸವಂತೆ!”

ಪಂಕಜಾ ಒಳಗೆ ಹೋದಾಗ ಪಟ್ಟಾಭಿರಾಮ ಎರಡು ಸ್ಟೂಲುಗಳ ಮೇಲೆ ಒಂದು ಹಲಗೆಯನ್ನು ಅಂಗಾತ ಮಲಗಿಸಿ ಇಸ್ತ್ರಿಪೆಟ್ಟಿಗೆಯಿಂದ ಉಜ್ಜುತ್ತಿದ್ದ. ಕಾದ ಮೇಣದ ವಾಸನೆ ಕೋಣೆ ತುಂಬಿತ್ತು. ಹಲಗೆಗೆ ಇಸ್ತ್ರಿ ಹಾಕುವ ಗಂಡಸನ್ನು ಅವಳು ನೋಡಿರಲಿಲ್ಲ. ಅವನು ಗಲಿಬಿಲಿಯಿಂದ ಇದ್ದ ಒಂದೇ ಕುರ್ಚಿಯನ್ನು ಅವಳಿಗೆ ಬಿಟ್ಟ.

“ವರ್ಷಕ್ಕೊಂದು ಸಲ ಮೇಣ ಕುಡಿಸದಿದ್ರೆ ತಳ ಒಣಗತ್ತೆ.”

“ಪೀಣ್ಯದಲ್ಲಿ ಎಲ್ಲಿ ಜಾರ್ತೀರಿ ಇದ್ರಲ್ಲಿ?”

“ಎಲ್ಲೂ ಇಲ್ಲ. ಸುಮ್ನೆ ಬಿಡಕ್ಕೆ ಮನಸ್ಸು ಬರಲ್ಲ.”

ಪಂಕಜಾ ಕೆದಕಿದಳು, ಅವನು ಹೇಳಿದ. ಬೆಟ್ಟದ ಇಳಿಜಾರಿನುದ್ದಕ್ಕೂ ಬಾವುಟ ಕಟ್ಟಿದ ಜೋಡಿ ಕಂಬಗಳು. ಪ್ರತಿ ಜೋಡಿಯ ನಡುವೆ ತೂರಿಕೊಂಡೇ ಬರಬೇಕು. ಬೇರೆ ದೇಶದವರು ತಂತಿಯ ಮೇಲೆ ಸಾಗುವ ತೂಗುಕುರ್ಚಿಯಲ್ಲಿ ಕೂತು ಮೇಲೆ ಹೋಗಿ ದಿನವಿಡೀ ಜಾರಿ ಕಲಿತವರು. ನಮ್ಮವರು ಹಲಗೆ ಹೆಗಲಿಗೆ ಹೊತ್ತು ಬೆಳಗೆಲ್ಲ ಹತ್ತಿ, ಒಂದು ಗಳಿಗೆ ಜಾರಿ, ಮತ್ತೆ ಹತ್ತಿದವರು. ಅವನಿಗಿಂತ ಹಿಂದೆ ಹೋದ ತಂಡದಲ್ಲಿ ಒಬ್ಬರೂ ಕೆಳಗಿನ ಗೆರೆ ಮುಟ್ಟಿರಲಿಲ್ಲ. ಅವನ ಸಲ ನಾಲ್ವರು ಹೋದರು. ಇಬ್ಬರು ಬಿದ್ದರು, ಒಬ್ಬ ಕಂಬ ತಪ್ಪಿಸಿ ಆಟದಿಂದ ಆಚೆಯಾದ.

“ನೀವು?”

“ನಾನೂ ತಪ್ಪಿಸ್ದೆ. ತಪ್ಪಿದೋರು ಮತ್ತೆ ಮೇಲೆ ಹತ್ತಿ ಆ ಕಂಬ ದಾಟಿ ಬಂದ್ರೆ ಲೆಕ್ಕಕ್ಕೆ ಸೇರತ್ತೆ. ಆದ್ರೆ ಯಾರೂ ಹತ್ತಲ್ಲ, ಹತ್ತಿದ್ರೆ ಗೆಲ್ಲೋ ಮಾತೇ ಇಲ್ಲ. ಹಲಗೆ ಕಟ್ಕೊಂಡು ನೇರ ಹತ್ತಕ್ಕೂ ಆಗಲ್ಲ. ಹೀಗೆ, ಅಡ್ಡಡ್ಡವಾಗಿ, ಒಂದು ಕಾಲು, ಅದರ ಪಕ್ಕಕ್ಕೆ ಇನ್ನೊಂದು.” ಅವನು ಕೈಗಳಲ್ಲೇ ತೋರಿಸಿದ. “ಹತ್ತೋದ್ರಲ್ಲಿ ನಮ್ಮಷ್ಟು ಅಭ್ಯಾಸ ಅಲ್ಲಿ ಯಾರಿಗಿತ್ತು ಹೇಳಿ? ಹತ್ತಿದೆ. ಕೆಳಗೆ ಬರೋಷ್ಟ್ರಲ್ಲಿ ಹಗ್ಗ ಸುತ್ತಿಡ್ತಾ ಇದ್ರು. ಕಡೆಯವನು. ಆದ್ರೂ ನಮ್ಮ ತಂಡದಿಂದ ಗೆರೆ ಮುಟ್ಟಿದ ಹೆಸರು ಅಂತ ಒಂದಾಯ್ತು.”

ಪಂಕಜಾಳಿಗೆ ನಂಬಿಕೆ ಬರುವಂತಾಯಿತು. ಬರುವಂತಾದದ್ದಕ್ಕೇ ಹೆದರಿಕೆಯೂ ಆಯಿತು. ಬಾಗಿಲಲ್ಲಿ ನಿಂತು ಕೊನೆಯದಾಗಿ ಕೇಳಿದಳು: “ಭಾನುವಾರದ ಉಪವಾಸ ಚೆನ್ನಾಗಾಯ್ತಾ?”

ಇಸ್ತ್ರಿಪೆಟ್ಟಿಗೆ ಹಲಗೆಯ ಮೇಲೆ ನಿಂತಿತು. “ಹೂಂ... ಆಯ್ತು.”

ಮನೆಗೆ ಬಂದವಳೇ ಗಂಡನಿಗೆ ಹೇಳಿದಳು: “ಶ್ಯಾಮಣ್ಣನಿಗೆ ಬೇಡ ಅಂದ್ಬಿಡಿ. ಮುಖಕ್ಕೆ ಮುಖ ಕೊಟ್ಟು ಎರಡು ಸಲ ಸುಳ್ಳು ಹೇಳಿದೋರು ಮೂರನೇದಕ್ಕೆ ಹಿಂದುಮುಂದು ನೋಡಲ್ಲ. ಕಾರಣ ಕೇಳಿದ್ರೆ ದ್ವಾದಶಿ ಅನ್ನಿ, ಅರ್ಥ ಆಗತ್ತೆ.” ಸುಬ್ಬಲಕ್ಷ್ಮಿ ಮಗುವಿನ ಬಟ್ಟೆಯನ್ನು ಒಂದು ಸಲ ಹಿಂಡಿದ್ದನ್ನೇ ಮತ್ತೆ ಮತ್ತೆ ಹಿಂಡುತ್ತ ಬಚ್ಚಲಲ್ಲಿ ನಿಂತುಬಿಟ್ಟಳು.

ಗುರುವಾರ ಸಂಜೆ ಫ್ಯಾಕ್ಟರಿಗಳ ಸೈರನ್ ಕೂಗಿ, ಬೀದಿಯಲ್ಲಿ ಸೈಕಲ್‌ಗಳ ಹಿಂಡು ಕರಗಿದ ಮೇಲೆ, ಪಂಕಜಾ ಒಣಗಿದ ಬಟ್ಟೆ ತೆಗೆಯಲು ಮೆಟ್ಟಿಲ ತಲೆಗೆ ಬಂದಳು. ಕೆಳಗಿನಿಂದ ಪಟ್ಟಾಭಿರಾಮ ಹತ್ತಿ ಬರುತ್ತಿದ್ದ. ನೇರವಾಗಿ ಅಲ್ಲ. ಗೋಡೆಗೆ ಕೈಯಾನಿಸಿ, ಅಡ್ಡಡ್ಡವಾಗಿ, ಬಲಗಾಲು ಮೇಲಿಟ್ಟು, ಮಡಚದ ಎಡಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಂಡು. ಹೆಣ್ಣು ನೋಡಲು ಬಂದ ದಿನ ಅವಳು ಅಡಿಗೆಮನೆಯಲ್ಲಿದ್ದಳು. ಅವನು ಹತ್ತಿದ್ದನ್ನು ಕಂಡಿರಲಿಲ್ಲ. ಬಟ್ಟೆ ಕೈಯಲ್ಲೇ ಹಿಡಿದು ಅವಳು ಕೊನೆಯ ಮೆಟ್ಟಿಲಿನವರೆಗೂ ನೋಡುತ್ತ ನಿಂತಳು.

“ಉಪವಾಸ ಇರಲಿಲ್ಲ” ಎಂದ ಅವನು, ಉಸಿರು ತೆಗೆದುಕೊಳ್ಳುವ ಮುಂಚೆಯೇ. “ಈ ಮಂಡಿ ಮಡಚಲ್ಲ. ನೆಲಕ್ಕೆ ಕೂರಕ್ಕೆ ಆಗಲ್ಲ. ಕೂತ್ರೆ ಇಬ್ಬರು ಹಿಡಿದೆತ್ತಬೇಕು. ಹಸೆಮಣೆ ಮೇಲೆ ಕೂರಲಾಗದ ಗಂಡಿಗೆ ಯಾರು ಹೆಣ್ಣು ಕೊಡ್ತಾರೆ? ಮೊದಲು ಒಪ್ಪಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ತಪ್ಪು. ಸಂಬಂಧ ಕೇಳಕ್ಕೆ ಬಂದಿಲ್ಲ, ನೀವು ಬೇಡ ಅಂದಿದ್ದನ್ನ ಶ್ಯಾಮಣ್ಣ ಹೇಳಿದಾರೆ. ಇದನ್ನ ಹೇಳ್ದೆ ಬಿಡಬಾರದು ಅನ್ನಿಸ್ತು.”

ಸೀತಾ ಒಳಗಿನಿಂದ ತಪ್ಪುಹೆಜ್ಜೆ ಇಡುತ್ತ ಬಂದು ಮತ್ತೆ ಕೈಚಾಚಿದಳು. ಅವನು ಬಾಗಿಲ ಚೌಕಟ್ಟು ಹಿಡಿದು, ಎಡಗಾಲನ್ನು ಕೋಲಿನಂತೆ ಪಕ್ಕಕ್ಕೆ ಚಾಚಿ, ಒಂದೇ ಕಾಲಿನ ಮೇಲೆ ಇಳಿದು ಅವಳನ್ನು ಎತ್ತಿಕೊಂಡ. ಮೊನ್ನೆ ಅಷ್ಟು ಜನರೆದುರು ಇದನ್ನು ಮಾಡಲು ಅವನಿಗೆ ನಾಚಿಕೆಯಾಗಿತ್ತೆಂದು ಯಾರೂ ಹೇಳಬೇಕಾಗಿರಲಿಲ್ಲ.

ಪಂಕಜಾ ಕುರ್ಚಿ ಎಳೆದಳು. ಹೊಲಿಗೆ ಮಷೀನಿನ ಮೇಲಿದ್ದ ಬಟ್ಟೆ ಸರಿಸಿ ಅದರ ಮೇಲೆ ಎಲೆ ಹಾಕಿದಳು. “ಸುಬ್ಬೂ, ಅನ್ನ ತಗೊಂಡ್ಬಾ” ಎಂದು ಕೂಗುವ ಮುಂಚೆಯೇ ತಂಗಿ ಪಾತ್ರೆ ಹಿಡಿದು ನಿಂತಿದ್ದಳು.

ಅವನು ಎರಡು ತುತ್ತು ತಿನ್ನುವವರೆಗೂ ತಡೆದು ಪಂಕಜಾ ಕೇಳಿದಳು: “ಇನ್ನೂ ಏನಾದ್ರೂ ತಪ್ಪಿಸಿ ಬಂದಿದ್ದೀರಾ? ಈಗ್ಲೇ ಹತ್ಬಿಡಿ.”

ಅವನು ಸಾರನ್ನ ಕಲಸುತ್ತ ಯೋಚಿಸಿದ. ಕಿವಿ ಕೆಂಪಾಯಿತು.

“ಒಂದಿದೆ. ಮಂಡಿ ಹೋಗಿದ್ದು ಹಿಮದಲ್ಲಿ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ನಾನೂ ಸುಮ್ನಿದ್ದೆ. ಅಲ್ಲ. ಹೋದ ವರ್ಷ ಲೇತ್ ಪಕ್ಕ ಎಣ್ಣೆ ಚೆಲ್ಲಿತ್ತು. ಜಾರಿಬಿದ್ದೆ.”

ಸುಬ್ರಹ್ಮಣ್ಯ ನಕ್ಕ ನಗುವಿಗೆ ಕೆಳಗಿನ ಮನೆಯವರು ಹೊರಗೆ ಬಂದರು. “ಅಯ್ಯೋ ಗುರು! ಹಿಮದ ಬೆಟ್ಟ ಇಳಿದು ಬಂದು ಪೀಣ್ಯದ ಎಣ್ಣೇಲಿ ಜಾರಿದ್ಯಾ? ನಮ್ಮ ಬಚ್ಚಲ ಟೀಮಿಗೆ ಸೇರ್ಕೋ!” ಸುಬ್ಬಲಕ್ಷ್ಮಿ ಸೆರಗು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಓಡಿದಳು.

ಪಂಕಜಾ ನಗಲಿಲ್ಲ. ಅವಳು ನೆಲದಿಂದ ಅವನ ಕುರ್ಚಿಯ ಎತ್ತರವನ್ನು ಗೇಣು ಹಾಕಿ ಅಳೆಯುತ್ತಿದ್ದಳು. “ಬಡಗಿ ಲಕ್ಷ್ಮಣಪ್ಪನಿಗೆ ಹೇಳಿ. ಹಸೆಮಣೆಗೆ ಕಾಲು ಇರಬಾರದು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ. ಎರಡು ಮಣೆಯೂ ಒಂದೇ ಎತ್ತರ ಇರಲಿ, ನನ್ನ ತಂಗಿ ಕತ್ತೆತ್ತಿ ನೋಡೋ ಹಾಗಾಗಬಾರದು.”

ಅವನು ಮಜ್ಜಿಗೆ ಕುಡಿದು, ಮೆಟ್ಟಿಲಿಳಿದು ತಿರುವಿನಲ್ಲಿ ಮರೆಯಾಗುವವರೆಗೂ ಪಂಕಜಾ ಕಿಟಕಿಯಲ್ಲಿ ನಿಂತಿದ್ದು, ಆಮೇಲೆ ಮಗುವಿನ ಬಾಯಿ ಒರೆಸುತ್ತ ಗಂಡನಿಗೆ ಮೆಲ್ಲಗೆ ಹೇಳಿದಳು:

“ಶನಿವಾರ ಇನ್ನೊಂದು ಸಲ ಅಂಜನಮ್ಮನ ಹತ್ರ ಹೋಗಿ ಬರ್ತೀನಿ. ಆ ಎಣ್ಣೆ ವಿಷಯ ನಿಜಾನಾ ಅಂತ ಕೇಳ್ಬೇಕು.”