ಅಟ್ಲಾಸಿನೊಳಗಿನ ರೊಟ್ಟಿ

ಕಟಕ್ — ಒಣಗಿ ಬಿರುಸಾದ ಜೋಳದ ರೊಟ್ಟಿ ಕಲ್ಲುಹಾಸಿನ ಮೇಲೆ ಬಿದ್ದು ಮುರಿದ ಸದ್ದು. ಈಗ ಯಾರಾದರೂ ಬಾಗಿಲು ಬಡಿದರೂ ಕೇಳಿಸದ ನನ್ನ ಕಿವಿಗೆ ಅದೊಂದು ಮಾತ್ರ ಕೇಳುತ್ತಲೇ ಇದೆ. ಆ ರೊಟ್ಟಿ ಬೀಳುವಂತೆ ಮಾಡಿದವಳು ನಾನು. ಆ ಚೀಟಿ ಬರೆದವಳೂ ನಾನೇ, ಖಾದರನಲ್ಲ. ಇಷ್ಟು ಚಿಕ್ಕ ಮಾತನ್ನು ಬಾಯಿಗೆ ತರಲು ನನಗೆ ಒಂದು ಜೀವಮಾನವೇ ಹಿಡಿಯಿತು — ಹೇಸಿಗೆಯಾಗುತ್ತದೆ.

ನಲವತ್ತರ ದಶಕದ ಮೊದಲ ವರ್ಷಗಳು. ಅಪ್ಪ ಸರ್ಕಾರಿ ಡಾಕ್ಟರು. ಅವರಿಗೆ ಹಾನಗಲ್ಲಿಗೆ ವರ್ಗವಾಯಿತೆಂದು ನಾನು ಬೆಳಗಾವಿಯ ಕಾನ್ವೆಂಟ್ ಬಿಟ್ಟು, ಮ್ಯಾಟ್ರಿಕ್ ವರ್ಷಕ್ಕೆ ಊರಿನ ಸಣ್ಣ ಹೈಸ್ಕೂಲಿಗೆ ಬಂದೆ. ತರಗತಿಯಲ್ಲಿ ಹತ್ತೊಂಬತ್ತು ಹುಡುಗರು, ಒಬ್ಬಳೇ ಹುಡುಗಿ ನಾನು. ಮಾಸ್ತರರ ಮೇಜಿನ ಪಕ್ಕದಲ್ಲಿ ನನಗೆ ಬೇರೆ ಕುರ್ಚಿ. ಆ ಕುರ್ಚಿಯಿಂದ ಉಳಿದವರ ತಲೆಗಳು ತಗ್ಗಿನಲ್ಲಿ ಕಾಣುತ್ತಿದ್ದವು. ನನಗದು ತೀರ ನ್ಯಾಚುರಲ್ ಅನ್ನಿಸುತ್ತಿತ್ತು.

ಅನಂತ ಆಡೂರಿನ ಬಡ ಭಟ್ಟರ ಮಗ. ಗುಡಿಯ ಪೌಳಿಯಲ್ಲಿ ಮಲಗಿ, ವಾರಾನ್ನ ಉಂಡು ಓದುತ್ತಿದ್ದ. ಅಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ನಮ್ಮ ಮನೆಯದು ಸೋಮವಾರ. ಅವ್ವ ಅವನಿಗೆ ಎಲೆ ಹಾಕಿ, "ಅನಂತ್ಯಾ, ಇನ್ನೊಂದು ರೊಟ್ಟಿ ಹಾಕ್ಲೇನೋ?" ಎಂದು ಕೇಳುತ್ತಿದ್ದಳು. "ಹಾಕ್ರಿ ಅವ್ವಾರ," ಎನ್ನುತ್ತಿದ್ದ. ಅಷ್ಟು ಸಣಕಲು ಹುಡುಗ ಅಷ್ಟೊಂದು ತಿನ್ನುತ್ತಾನಲ್ಲ ಎಂದು ಅವ್ವನಿಗೆ ಸಂತೋಷ. ಗುರುವಾರ ಮಾತ್ರ ಅವನು ಯಾರ ಮನೆಗೂ ಹೋಗುತ್ತಿರಲಿಲ್ಲ. "ಇವತ್ತ ರಾಯರ ಉಪಾಸರಿ," ಎನ್ನುತ್ತಿದ್ದ. ಎಷ್ಟು ಭಕ್ತಿ ಈ ವಯಸ್ಸಿಗೆ ಎಂದು ಹೆಂಗಸರು ಬೆರಗಾಗುತ್ತಿದ್ದರು.

ಅವನಿಗೊಬ್ಬನೇ ಗೆಳೆಯ. ಸವಣೂರಿನ ವೀಳ್ಯದೆಲೆ ವ್ಯಾಪಾರಿಯ ಮಗ ಖಾದರ, ಹಾನಗಲ್ಲಿನಲ್ಲಿ ಅಕ್ಕನ ಮನೆಯಲ್ಲಿದ್ದು ಓದುತ್ತಿದ್ದ. ಅನಂತ ಅವರ ಮನೆಯಲ್ಲಿ ಉಣ್ಣುವಂತಿರಲಿಲ್ಲ — ಕಾಲ ಅಂಥದು. ಆದರೆ ಬಾಳೆಹಣ್ಣಿಗೆ, ಶೇಂಗಾಕ್ಕೆ ಮೈಲಿಗೆಯಿರಲಿಲ್ಲ.

ಒಂದು ಸೋಮವಾರ ಅಡಿಗೆಮನೆಯ ಬಾಗಿಲ ಸಂದಿಯಿಂದ ನಾನು ಕಂಡೆ. ಅವ್ವ ಒಳಗೆ ಹೋದ ಕ್ಷಣದಲ್ಲಿ ಅನಂತ ಎರಡು ರೊಟ್ಟಿಗಳನ್ನು ಎಡಗೈಯಿಂದ ತನ್ನ ದೊಡ್ಡ ಅಟ್ಲಾಸಿನ ಹಾಳೆಗಳ ನಡುವೆ ಸರಿಸಿ ಮುಚ್ಚಿದ. ಆ ಗುರುವಾರ ನಾನು ಬೇಕೆಂದೇ ಶಾಲೆಯ ಹಿಂದಿನ ಬಾವಿಯ ಕಡೆಗೆ ಹೋದೆ. ಹುಣಸೆಮರದ ಕೆಳಗೆ ಖಾದರ ಬಾಳೆಹಣ್ಣು ಸುಲಿದು ಕೊಡುತ್ತಿದ್ದ. ಅನಂತ ಅಟ್ಲಾಸ್ ಬಿಚ್ಚಿಕೊಂಡು, ಮೂರು ದಿನ ಒಣಗಿದ ರೊಟ್ಟಿಯನ್ನು ಸದ್ದಾಗದಂತೆ ದವಡೆಯಲ್ಲಿಟ್ಟು ಮೆತ್ತಗಾಗಿಸುತ್ತಿದ್ದ. ಉಪವಾಸವೂ ಇಲ್ಲ, ವ್ರತವೂ ಇಲ್ಲ. ಅವನಿಗೆ ಗುರುವಾರದ ಮನೆ ಸಿಕ್ಕಿರಲಿಲ್ಲ, ಅಷ್ಟೆ. ಏಳನೆಯ ಬಾಗಿಲಿಗೆ ಹೋಗಿ ಕೇಳಲು ನಾಚಿಕೆಯಾಗಿ, ರಾಯರ ಹೆಸರು ಹೇಳಿದ್ದ.

ನಾನು ಅವ್ವನಿಗೆ ಹೇಳಬಹುದಿತ್ತು. ಹೇಳಿದ್ದರೆ ಗುರುವಾರವೂ ನಮ್ಮಲ್ಲೇ ಎಲೆ ಬೀಳುತ್ತಿತ್ತು. ನಾನು ಹೇಳಲಿಲ್ಲ — ಆ ಗುಟ್ಟು ನನ್ನ ಕೈಯಲ್ಲಿದೆ ಎಂಬುದೇ ಒಂದು ರುಚಿಯಾಗಿತ್ತು.

ಅಷ್ಟರಲ್ಲಿ ಪ್ರಿಲಿಮ್ಸ್ ಮುಗಿದು ಇಂಗ್ಲಿಷಿನ ಪೇಪರು ಬಂತು. ಹೆಚ್ಚು ಅಂಕ ನನಗಲ್ಲ, ಅನಂತನಿಗೆ. ಮಾಸ್ತರರು ಅವನ ಎಸ್ಸೆಯನ್ನು ತರಗತಿಗೆಲ್ಲ ಓದಿ ಹೇಳಿದರು. 'ವರ್ಡ್' ಎನ್ನಲು 'ವರಡ' ಎನ್ನುವ ಹುಡುಗ. ನಮ್ಮ ಅಡಿಗೆಮನೆಯಲ್ಲಿ ಉಂಡು ಎಲೆ ಎತ್ತಿ ಗೋಮಯ ಹಚ್ಚುವ ಹುಡುಗ. ಮಾಸ್ತರರು ನನ್ನ ಕಡೆ ನೋಡಿ, "ಏನವಾ, ಕಾನ್ವೆಂಟ್ ಹಿಂದ ಬಿತ್ತಲ್ಲ?" ಎಂದು ನಕ್ಕರು. ಅದು ಬರೀ ಚೇಷ್ಟೆ. ನನಗೆ ಮಾತ್ರ ಕುರ್ಚಿಯಿಂದ ಎಳೆದು ಹಾಕಿದಂತಾಯಿತು.

ಆ ವರ್ಷ ಶಾಲೆಯ ಗ್ಯಾದರಿಂಗಿಗೆ 'ಫಿಶ್ ಪಾಂಡ್' ಆಟವನ್ನು ತಂದವಳು ನಾನೇ. ಒಂದು ಬಿಸ್ಕೀಟಿನ ಡಬ್ಬಿ. ಹೆಸರು ಹಾಕದೆ ಒಬ್ಬರ ಬಗ್ಗೆ ಒಬ್ಬರು ತಮಾಷೆಯ ಚೀಟಿ ಬರೆದು ಅದರಲ್ಲಿ ಹಾಕುವುದು. ಸಭೆಯಲ್ಲಿ ಒಂದೊಂದನ್ನೇ ಮೀನು ಹಿಡಿದಂತೆ ತೆಗೆದು ಓದುವುದು. ಕಾನ್ವೆಂಟಿನಲ್ಲಿ ಸಿಸ್ಟರ್ ಎಲ್ಲ ಚೀಟಿಗಳನ್ನೂ ಮೊದಲು ತಾವೇ ಓದಿ, ಯಾರದಾದರೂ ಮನಸ್ಸಿಗೆ ನೋವಾಗುವಂಥವನ್ನು ಒಲೆಗೆ ಹಾಕುತ್ತಿದ್ದರು. ಇಲ್ಲಿ ಆ ಸಿಸ್ಟರ್ ಇರಬೇಕಾದ ಜಾಗದಲ್ಲಿ ನಾನಿದ್ದೆ. ನನ್ನ ಉಚ್ಚಾರ ಸ್ಪಷ್ಟವೆಂದು ಓದುವ ಕೆಲಸವೂ ನನ್ನದೇ.

ಗ್ಯಾದರಿಂಗ್ ನಡೆದದ್ದು ಒಂದು ಬುಧವಾರ. ಕೆಲವು ಚೀಟಿಗಳನ್ನು ಓದಿದೆ: ಒಬ್ಬನ ಗೊರಕೆ, ಇನ್ನೊಬ್ಬನ ಹೊಸ ಮೀಸೆ. ಎಲ್ಲರೂ ನಕ್ಕರು. ಹುಡುಗರು ಮೊದಲ ಬಾರಿಗೆ ನನ್ನ ಕಡೆ ನೋಡಿ ನಕ್ಕರು, ನಾನು ಅವರಲ್ಲೊಬ್ಬಳು ಎಂಬಂತೆ. ಆಮೇಲೆ ನಾನೇ ಎಡಗೈಯಲ್ಲಿ ಬರೆದು ಹಾಕಿದ್ದ ಚೀಟಿ ಬೆರಳಿಗೆ ಸಿಕ್ಕಿತು. ಅದನ್ನು ಅಲ್ಲೇ ಬಿಡಬಹುದಿತ್ತು. ಡಬ್ಬಿಯ ತಳದಲ್ಲಿ ಇನ್ನೂ ಬೇರೆ ಚೀಟಿಗಳಿದ್ದವು, ನನಗೆ ಚೆನ್ನಾಗಿ ನೆನಪಿದೆ.

ಓದಿದೆ. "ಗುರುವಾರದ ಉಪವಾಸದ ಭಕ್ತರಿಗೆ: ತಮ್ಮ ಅಟ್ಲಾಸಿನಲ್ಲಿ ರೊಟ್ಟಿ ಯಾವ ದೇಶದಲ್ಲಿ ಬೆಳೆಯುತ್ತದೆ?"

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಏ ಅನಂತ್ಯಾ, ಅಟ್ಲಾಸ್ ತಗೀಲೇ! ನಾವೂ ನೋಡೂಣು!" ಅನಂತ ಪುಸ್ತಕವನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡ. ಇಬ್ಬರು ಎಳೆದರು, ಒಬ್ಬ ತಲೆಕೆಳಗು ಮಾಡಿ ಝಾಡಿಸಿದ. ಕಟಕ್.

"ಆಫ್ರಿಕಾದಾಗ ಬೆಳದೈತಲೇ!"

"ರಾಯರು ಪ್ರಸಾದ ಕಳಿಸ್ಯಾರಲೇ!"

ನಕ್ಕರು, ಬೆಂಚು ಬಡಿದು ನಕ್ಕರು. ನಾನೂ ನಕ್ಕೆ — ನಗದಿದ್ದರೆ ಗೊತ್ತಾಗುತ್ತದಲ್ಲ. ಹೆಡ್‌ಮಾಸ್ತರರು "ಸಾಕ್ರಲೇ!" ಎಂದು ಗದರಿಸುವಷ್ಟರಲ್ಲಿ ಅನಂತ ನೆಲಕ್ಕೆ ಕೂತು ರೊಟ್ಟಿಯ ಚೂರುಗಳನ್ನು ಆರಿಸುತ್ತಿದ್ದ. ಅನ್ನ ನೆಲಕ್ಕೆ ಬಿದ್ದರೆ ಮಾಡುವಂತೆ ಒಂದೊಂದನ್ನೂ ಕಣ್ಣಿಗೊತ್ತಿಕೊಂಡು ಮತ್ತೆ ಹಾಳೆಗಳ ನಡುವೆ ಇಡುತ್ತಿದ್ದ. ಅವನ ಪಕ್ಕ ಮಂಡಿಯೂರಿ ಕೂತು ಚೂರು ಹುಡುಕಿ ಕೊಡುತ್ತಿದ್ದವನು ಖಾದರ. ನಮ್ಮ ಅವ್ವ ತಟ್ಟಿದ ರೊಟ್ಟಿ ಅದು.

ಇಲ್ಲಿಗೇ ಮುಗಿದಿದ್ದರೆ, ಹದಿನಾರರ ಹುಡುಗಿಯ ಕೆಟ್ಟ ಜೋಕ್ ಎಂದು ನಾನು ನನ್ನನ್ನೇ ನಂಬಿಸಿಕೊಳ್ಳುತ್ತಿದ್ದೆನೋ ಏನೋ. ಮುಗಿಯಲಿಲ್ಲ.

ಮರುದಿನ, ಗುರುವಾರ, ಅನಂತ ಬಾವಿಯ ಹತ್ತಿರ ನನ್ನನ್ನು ತಡೆದ. ಕಣ್ಣು ಎತ್ತದೆ ಕೇಳಿದ: "ಅಕ್ಕಾರ, ಚೀಟಿ ನಿಮ್ಮ ಕೈಯಾಗ ಇತ್ತು. ಯಾರ ಅಕ್ಷರ ಅಂತ ಗುರ್ತು ಸಿಕ್ತೇನ್ರಿ?"

ಒಂದೇ ಒಂದು ಶಬ್ದ ಸಾಕಾಗಿತ್ತು — ನಂದು. ನಾನೆಂದೆ: "ರೊಟ್ಟಿ ವಿಷಯ ಯಾರಿಗೆ ಗೊತ್ತಿತ್ತೋ, ಅವರ್ನ ಕೇಳು."

"ಖಾದರಗ ಒಬ್ಬಾವಗ ಗೊತ್ತಿತ್ರಿ."

ನಾನು ಭುಜ ಹಾರಿಸಿದೆ. ಕಾನ್ವೆಂಟಿನಲ್ಲಿ ಕಲಿತ ಶ್ರಗ್. ಅಷ್ಟು ಸಾಕಾಯಿತು. ಅವನ ಮುಖದಲ್ಲಿ ಏನೋ ಬಾಗಿಲು ಹಾಕಿಕೊಂಡಂತೆ ಆದದ್ದನ್ನು ನಾನು ನಿಂತು ನೋಡಿದೆ.

ಎರಡು ದಿನ ಕಳೆದು ಖಾದರ ನನ್ನ ಹತ್ತಿರ ಬಂದ. "ನಾ ಬರದಿಲ್ರಿ. ಅಲ್ಲಾನ ಆಣಿ. ನೀವು ಒಂದು ಮಾತು ಹೇಳ್ರಿ ಅವಗ, ನಿಮ್ಮ ಮಾತು ಕೇಳ್ತಾನ." ಅವನಿಗೆ ನನ್ನ ಮೇಲೆ ಸಂಶಯವೇ ಇರಲಿಲ್ಲ, ಡಾಕ್ಟರರ ಮಗಳು, ಚೀಟಿ ಓದಿದವಳು. "ನನಗೇನು ಗೊತ್ತು?" ಎಂದೆ. ಬೇರೆ ಜಾತಿಯವನನ್ನು ಗೆಳೆಯನೆಂದು ನಂಬಿದ್ದಕ್ಕೆ ಅನಂತನಿಗೆ ತಕ್ಕದ್ದಾಯಿತು ಎಂದು ಊರಿನ ದೊಡ್ಡವರೂ ಆಡಿಕೊಂಡರು. ಅದೂ ನನ್ನ ಕಿವಿಗೆ ಬಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ. ಒಂದು ಸುಳ್ಳು ತಾನಾಗಿಯೇ ಬೆಳೆದು ಎಷ್ಟು ಹೊಲಸನ್ನು ಮೈಗೆ ಬಳಿದುಕೊಳ್ಳುತ್ತದೆ! ನಾನು ಅದರ ತಾಯಿ.

ಮುಂದಿನ ಸೋಮವಾರ ಅವ್ವ ಎಲೆ ಹಾಕಿ ಕಾದಳು. ಅನ್ನ ಆರಿತು. ಅನಂತ ಬರಲಿಲ್ಲ. ಯಾರ ಮನೆಗೂ ಹೋಗಲಿಲ್ಲ. ಮ್ಯಾಟ್ರಿಕ್ ಪರೀಕ್ಷೆಗೆ ಎರಡೇ ತಿಂಗಳಿದ್ದಾಗ, ಇಂಗ್ಲಿಷಿನಲ್ಲಿ ಮೊದಲನೆಯವನಾಗಿದ್ದ ಹುಡುಗ ಅಟ್ಲಾಸನ್ನು ಬೆಂಚಿನ ಮೇಲೆಯೇ ಬಿಟ್ಟು ಆಡೂರಿಗೆ ನಡೆದುಹೋದ. ಖಾದರ ಪರೀಕ್ಷೆಗೆ ಕೂತ, ಆಮೇಲೆ ಸವಣೂರಿಗೆ ಹೋದನೆಂದು ಕೇಳಿದೆ, ಮತ್ತೆ ಕಾಣಲಿಲ್ಲ. ನಾನು ಪಾಸಾದೆ. ಇಂಗ್ಲಿಷಿಗೆ ನಾನೇ ಫಸ್ಟ್. ಅವ್ವ ಪೇಢೆ ಹಂಚಿದಳು. ಅವಳು ಸಾಯುವವರೆಗೂ, "ಆ ಹುಡುಗ ಯಾಕ ಬಿಟ್ಟನೋ, ನಾ ಬಡಸೂದ್ರಾಗ ಏನರ ಕಮ್ಮಿ ಆತೋ ಏನೋ," ಎಂದು ಕೊರಗುತ್ತಿದ್ದಳು. ಅವಳಿಗೂ ಹೇಳಲಿಲ್ಲ.

ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಕನ್ಫೆಶನ್ನಿಗೆ ಹೋಗಿ ಹಗುರಾಗಿ ಹೊರಬರುವುದನ್ನು ನಾನು ಕುತೂಹಲದಿಂದ ನೋಡುತ್ತಿದ್ದೆ. ಇದನ್ನು ಬರೆಯುವುದು ಹಗುರಾಗಲಿಕ್ಕಲ್ಲ. ಹಗುರಾಗುವ ಹಕ್ಕು ನನಗಿಲ್ಲ. ಸವಣೂರಿನಲ್ಲಿ ಖಾದರನ ಮಕ್ಕಳೋ ಮೊಮ್ಮಕ್ಕಳೋ ಇದ್ದರೆ ಅವರಿಗೆ ತಿಳಿಯಲಿ, ನಿಮ್ಮ ಹಿರಿಯರು ತಮ್ಮ ಗೆಳೆಯನಿಗೆ ಎರಡು ಬಗೆದವರಲ್ಲ — ಅಷ್ಟೆ.

ಅನಂತನನ್ನು ಕೊನೆಯ ಸಲ ಕಂಡದ್ದು ಅಕ್ಕಿಆಲೂರಿನ ಒಂದು ಮದುವೆಯಲ್ಲಿ. ಆಗ ನನ್ನ ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಪಂಕ್ತಿಯಲ್ಲಿ ಕೂತಿದ್ದೆ. ಹೆಗಲ ಮೇಲೆ ಪಂಜೆ ಹಾಕಿಕೊಂಡ, ತಲೆ ನರೆತ ಅಡಿಗೆಯವನೊಬ್ಬ ಹೋಳಿಗೆಯ ಬುಟ್ಟಿ ಹಿಡಿದು ಬಂದು ನನ್ನ ಎಲೆಗೆ ಒಂದನ್ನು ಹಾಕಿ ನಿಂತ.

"ಡಾಕ್ಟರ್ ಸಾಹೇಬ್ರ ಮಗಳಲ್ಲೇನ್ರಿ? ಅಕ್ಕಾರ, ನಾ ಅನಂತರಿ. ಸೋಮವಾರದಾಂವ."

ಅವನು ನಗುತ್ತಿದ್ದ. ಅವ್ವನ ಯೋಗಕ್ಷೇಮ ಕೇಳಿದ. ಅವಳ ರೊಟ್ಟಿ ಎಷ್ಟು ತೆಳ್ಳಗಿರುತ್ತಿತ್ತೆಂದು ಪಕ್ಕದವರಿಗೂ ಹೇಳಿದ. ಆಮೇಲೆ ಸ್ವಲ್ಪ ಬಗ್ಗಿ, ದನಿ ತಗ್ಗಿಸಿ ಕೇಳಿದ: "ಖಾದರ ಎಲ್ಲೆರ ಕಂಡಿದ್ನೇನ್ರಿ? ಅಂವಾ ಹಂಗ್ಯಾಕ ಬರದಾ ಅಂತ ಇನ್ನೂ ತಿಳೀವಲ್ದರಿ, ಅಕ್ಕಾರ. ತನ್ನ ಬಾಳಿಹಣ್ಣ ನನಗ ಕೊಡಾಂವಾ. ಹಂಗ ಮಾಡಬಾರದಿತ್ತು, ಅಲ್ಲೇನ್ರಿ?"

ನನ್ನ ಬಾಯಲ್ಲಿ ಹೋಳಿಗೆಯ ತುತ್ತು ಇತ್ತು. ಅದನ್ನು ನುಂಗಿದೆ.

"ಹೂಂ," ಎಂದೆ.

"ಇನ್ನೊಂದು ಹಾಕ್ಲೇನ್ರಿ?"

ತಲೆಯಾಡಿಸಿದೆ. ಅವನು ಮೆತ್ತನೆಯದೊಂದನ್ನು ಆರಿಸಿ ನನಗೆ ಬಡಿಸಿ, ತುಪ್ಪ ಹಾಕಿಸಿ, ಪಕ್ಕದ ಎಲೆಗೆ ಸರಿದುಹೋದ.