ಬೇಲಿಯಾಚೆ ಹೋದ ಕೂಲಿ ಲೈನು

ಆ ಬೋರ್ಡು ನೆನಪಾದರೆ ಈಗಲೂ ಮೈ ಉರಿಯುತ್ತದೆ. ಮಲ್ಲಂದೂರು ಕಡೆಯ ಎಸ್ಟೇಟೊಂದರ ಗೇಟಿನಲ್ಲಿದೆ: 'ನೆಟ್ ಝೀರೋ ತೋಟ'. ವರ್ಷಕ್ಕೆ ಎಷ್ಟು ಕರೆಂಟು ಉರಿಸುತ್ತಾರೋ ಅಷ್ಟನ್ನೂ ಬಿಸಿಲಿನಿಂದಲೇ ಮಾಡಿಕೊಳ್ಳುತ್ತಾರಂತೆ. ಥೂ!

ನಾನು ಸೈನ್ಯದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ಕೊನೆಯ ವರ್ಷಗಳಲ್ಲಿ ನಮ್ಮ ಕ್ಯಾಂಪನ್ನು ನೆಟ್ ಝೀರೋ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಟ್ಟಡಕ್ಕೊಂದು ಮೀಟರ್ ಕೂರಿಸಿ, ಯಾವ ಹೊತ್ತಿನಲ್ಲಿ ಎಲ್ಲಿ ಎಷ್ಟು ಕರೆಂಟು ಹೋಗುತ್ತದೆಂದು ಕಂಪ್ಯೂಟರಿನಲ್ಲಿ ನೋಡುತ್ತಿದ್ದೆವು. ಜವಾನರೆಲ್ಲ ಪೆರೇಡಿಗೆ ಹೋದ ಮೇಲೂ ಖಾಲಿ ಬ್ಯಾರಕ್ಕಿನಲ್ಲಿ ಗೀಸರುಗಳು ಕುದಿಯುತ್ತಿದ್ದದ್ದು ಸಿಕ್ಕಿಬಿದ್ದದ್ದು ಹಾಗೆಯೇ. ನಮ್ಮಲ್ಲಿ ಒಂದೇ ನಿಯಮ: ಬೇಲಿಯೊಳಗೆ ಇದ್ದದ್ದೆಲ್ಲ ಲೆಕ್ಕಕ್ಕೆ. ಅಡುಗೆಮನೆಯೂ ಸೇರಿತು, ನಾಯಿಗಳ ಶೆಡ್ಡೂ ಸೇರಿತು.

ನಿವೃತ್ತನಾಗಿ ಮೂಡಿಗೆರೆಗೆ ಬಂದ ಮೇಲೆ ಈ ಎಸ್ಟೇಟಿನ ಸಾಹುಕಾರರು ಕರೆಸಿದರು. "ಕಾಫಿ ತಗೊಳ್ಳೋ ಫಾರಿನ್ನವ್ರು ನೆಟ್ ಝೀರೋ ರಿಪೋರ್ಟ್ ಕೇಳ್ತಿದಾರೆ. ಕ್ಯಾಂಪಲ್ಲಿ ಮಾಡ್ದಂಗೆ ಇಲ್ಲೂ ಮಾಡ್ಕೊಡಿ" ಎಂದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಪಂಪು, ಬಂಗಲೆ, ಹೋಂಸ್ಟೇ, ಕೆಲಸದವರು ವಾಸವಿರುವ ಕೂಲಿ ಲೈನು, ಎಲ್ಲಕ್ಕೂ ಮೀಟರ್ ಹಾಕಿದೆ. ಒಂದು ವರ್ಷ ನೋಡಿದಾಗ ತೋಟದ ಸೋಲಾರಿನ ಕರೆಂಟು ಖರ್ಚಿಗಿಂತ ಸ್ವಲ್ಪವೇ ಕಡಿಮೆ ಬೀಳುತ್ತಿತ್ತು. ತಿನ್ನುತ್ತಿದ್ದದ್ದು ಹೋಂಸ್ಟೇ. ಒಬ್ಬ ಗಿರಾಕಿಯೂ ಇಲ್ಲದ ದಿನ ಕೂಡ ಅಲ್ಲಿ ಗೀಸರು, ಈಜುಕೊಳದ ಪಂಪು ಎರಡೂ ಓಡುತ್ತಿದ್ದವು. ಲೈನಿನವರು ಉರಿಸುವುದು ಮನೆಗೆರಡು ಬಲ್ಬು, ಒಂದು ಟಿವಿ. ಗೀಸರಿಗೆ ಟೈಮರ್ ಹಾಕಿಸಿ ಎಂದೆ. "ಆಯ್ತು, ನೋಡಣ" ಎಂದರು.

ಅವರು ನೋಡಿದ್ದು ಏನನ್ನು ಗೊತ್ತೇ? ಕೊಯ್ಲಿನ ಹೊತ್ತಿಗೆ ಮತ್ತೆ ಹೋದಾಗ ತೋಟಕ್ಕೂ ಲೈನಿಗೂ ನಡುವೆ ಹೊಸ ಮುಳ್ಳುತಂತಿ ಬೇಲಿ ಎದ್ದಿತ್ತು. ಲೈನಿಗೆ ಹೋಗುತ್ತಿದ್ದ ವೈರನ್ನು ಕಂಬದಲ್ಲೇ ಕತ್ತರಿಸಿದ್ದರು.

"ಲೈನು ಈಗ ತೋಟದ ಹೊರಗೆ. ಲೆಕ್ಕದಿಂದ ತೆಗ್ದ್ಬಿಡಿ. ಬೇಕಾದ್ರೆ ಅವ್ರೇ ಕನೆಕ್ಷನ್ ತಗೊಳ್ಲಿ" ಎಂದರು ಸಾಹುಕಾರರು.

ಯಾರ ಹೆಸರಿನಲ್ಲಿ ತಗೊಳ್ಳುವುದು? ಆ ಮನೆಗಳೂ ಇವರದ್ದೇ, ಜಾಗವೂ ಇವರದ್ದೇ. ಸೀಮೆಎಣ್ಣೆಯೂ ಸಿಗದ ಈ ಕಾಲದಲ್ಲಿ ಅಷ್ಟು ಸಂಸಾರಗಳು ಮೇಣದಬತ್ತಿ ಹಚ್ಚಿ ಉಣ್ಣುತ್ತಿದ್ದವು. ಹೊಟ್ಟೆಗೆ ಅನ್ನ ತಿನ್ನುವವರು ಮಾಡುವ ಕೆಲಸವೇ ಇದು?

"ಲೈನು ಬಿಟ್ಟು ನಾನು ರಿಪೋರ್ಟ್ ಕೊಡಲ್ಲ ಸಾರ್. ಮೊದ್ಲು ಅವ್ರಿಗೆ ಕರೆಂಟ್ ಕೊಡಿ" ಎಂದೆ.

"ಇದೇನು ನಿಮ್ಮ ಮಿಲಿಟ್ರಿನಾ ಮಾರಾಯ್ರೆ? ನೀವಲ್ದಿದ್ರೆ ಇನ್ನೊಬ್ರು ಕೊಡ್ತಾರೆ" ಎಂದು ನಕ್ಕರು.

ಬೇಲಿಯ ಆಚೆ ಲೈನಿನ ಹೆಂಗಸೊಬ್ಬರು ಸೌದೆ ಹೊರೆ ಇಳಿಸಿ ಇದನ್ನೆಲ್ಲ ಕೇಳುತ್ತಾ ನಿಂತಿದ್ದರು. ಮದುವೆಯಾಗಿ ಬಂದಾಗಿನಿಂದ ಇದೇ ತೋಟದಲ್ಲಿ ಹಣ್ಣು ಕೊಯ್ದವರು.

"ಸಾವ್ಕಾರ್ರೆ, ನಾವು ತೋಟದ ಹೊರಗೆ ಅಂದ್ರಲ್ಲ. ಹಂಗಾರೆ ನಾಳೆ ಹಣ್ಣು ಕುಯ್ಯಕ್ಕೆ ಎಲ್ಲಿಂದ ಬರ್ಬೇಕು?" ಎಂದು ಕೇಳಿದರು.

ಸಾಹುಕಾರರು ಜೀಪಿನ ಕಡೆ ಹೆಜ್ಜೆ ಹಾಕುತ್ತಲೇ ಹೇಳಿದರು: "ರಸ್ತೆ ಸುತ್ತಿ ಗೇಟಿಂದ ಬನ್ನಿ. ಲೇಟಾದ್ರೆ ಅರ್ಧ ಹಾಜರಿ."